ಬೀಗ ಹಾಕಿದ ದಿನಚರಿ

ಔರಾದ್ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಪ್ರಾಯೋಗಿಕ ಬೋಧನೆಯ ಎರಡನೆಯ ಹಂತ ನಡೆಯಿತು. 9ನೇ ತರಗತಿಗೆ ಮಧ್ಯಬಿಂದು ಪ್ರಮೇಯವನ್ನು ಜಿಯೋಜಿಬ್ರಾದಲ್ಲಿ ತೋರಿಸಬೇಕೆಂದು ಪಾಠಯೋಜನೆ ಬರೆದಿದ್ದೆ. ಬೀದರಿನಿಂದ ಬೆಳಗಿನ ಬಸ್ಸು ಹಿಡಿದು ಹೋಗಿ ಲ್ಯಾಬಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದರೆ ಏನೂ ಕಾಣಿಸಲಿಲ್ಲ. ಮುಂದಿನ ಬೆಂಚಿನ ಹುಡುಗ ಕೇಳಿದ: "ಯಾಕ್ ಬರ್ಲತ್ತಿಲ್ರಿ ಸರ್?"

ಇಂಥ ಹೊತ್ತಿಗೆ ನನಗೆ ಗೊತ್ತಿದ್ದ ಉಪಾಯ ಒಂದೇ. ಟರ್ಮಿನಲ್ ತೆರೆದು 'ಡಿಮೆಸೆಜ್' ಎಂದು ಟೈಪ್ ಮಾಡುವುದು. ಲಿನಕ್ಸಿನ ಒಡಲಾದ ಕರ್ನಲ್ ತಾನು ಕಂಡದ್ದನ್ನೆಲ್ಲ ಒಂದು ದಿನಚರಿಯಂತೆ ಮೆಮೊರಿಯಲ್ಲಿ ಬರೆದಿಡುತ್ತದೆ. ಜಾಗ ತುಂಬಿದರೆ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ. ಆ ದಿನಚರಿಯನ್ನು ಓದಿಸುವ ಆಜ್ಞೆ ಇದು. ಮೊದಲ ಹಂತದಲ್ಲಿ ಭಾಲ್ಕಿಯ ಶಾಲೆಯಲ್ಲಿದ್ದಾಗ ಇದರಿಂದಲೇ ಎರಡು ಸಲ ಪಾರಾಗಿದ್ದೆ. ಅಲ್ಲಿದ್ದದ್ದು ಉಬುಂಟು 18.04, ಯಾರು ಬೇಕಾದರೂ ಓದಬಹುದಿತ್ತು. ಇಲ್ಲಿದ್ದದ್ದು 22.04. 'ಆಪರೇಷನ್ ನಾಟ್ ಪರ್ಮಿಟೆಡ್' ಎಂದು ಬಾಗಿಲು ಹಾಕಿತು.

ಅತಿಥಿ ಶಿಕ್ಷಕರೊಬ್ಬರು ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಪಾಸ್‌ವರ್ಡ್ ಕೊಟ್ಟರು. "ಕೆಲ್ಸ ಆದ್ ಮ್ಯಾಲ ಹೆಂಗಿತ್ತೋ ಹಂಗ ಇಡ್ರಿ ಸರ್" ಎಂದರು. ದಿನಚರಿ ತೆರೆದರೆ ಸಾಲಾಗಿ 'ಎರರ್ -71' ಬಿದ್ದಿತ್ತು. ಪೆನ್‌ಡ್ರೈವಿಗೂ ಕಂಪ್ಯೂಟರಿಗೂ ಮಾತೇ ಕೂಡುತ್ತಿಲ್ಲ ಎಂದರ್ಥ. ಬಹಳ ಸಲ ಕೇಬಲ್ಲಿನದೋ ಪೋರ್ಟಿನದೋ ದೋಷ. ಹಿಂದಿನ ಪೋರ್ಟಿಗೆ ಹಾಕಿದೆ, ಬಂತು. ಪಾಠ ಹತ್ತು ನಿಮಿಷ ತಡವಾಗಿಯಾದರೂ ಚೆನ್ನಾಗಿ ನಡೆಯಿತು.

ಆದರೆ ಹೇಗಿತ್ತೋ ಹಾಗೆ ಇಡಲಿಲ್ಲ. ನನ್ನ ನಂತರ ಬರುವ ಪ್ರಶಿಕ್ಷಣಾರ್ಥಿಗಳು ಒದ್ದಾಡಬಾರದೆಂದು 'ಡಿಮೆಸೆಜ್ ರಿಸ್ಟ್ರಿಕ್ಟ್' ಎಂಬ ಸೆಟ್ಟಿಂಗನ್ನು 1ರಿಂದ 0ಗೆ ಇಳಿಸಿ, ಕಂಪ್ಯೂಟರ್ ಮತ್ತೆ ಆರಂಭಿಸಿದರೂ ಹಾಗೇ ಉಳಿಯುವಂತೆ ಬರೆದುಬಂದೆ. ಉಪಕಾರ ಮಾಡಿದೆನೆಂಬ ಭಾವನೆ ಬೇರೆ!

ಅದೇ ವಾರ ಇನ್ನೊಂದು ಉಪಕಾರ ಮಾಡಿದೆ. ನೈದಾನಿಕ ಪರೀಕ್ಷೆಯ ತಪ್ಪುಗಳನ್ನು ಹೆಸರು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಮರುದಿನದ ತರಗತಿ ನನ್ನ ಜೊತೆಗಾರನದು. ಅವನಿಗೆ ಸುಲಭವಾಗಲೆಂದು ಅದನ್ನು ಲ್ಯಾಬಿನ ಮೇಜಿನ ಮೇಲೆಯೇ ಬಿಟ್ಟೆ. ಅವನು ಬರುವ ಮೊದಲೇ ಒಬ್ಬ ಹುಡುಗ ಅದನ್ನು ಇಡೀ ತರಗತಿಗೆ ಓದಿ ಹೇಳಿದ್ದ. ಒಬ್ಬ ಹುಡುಗಿಯ ಹೆಸರಿನ ಮುಂದೆ ನಾನು ಬರೆದದ್ದು: 'ಲೆಕ್ಕ ಬರುತ್ತದೆ, ಪ್ರಶ್ನೆಯ ಕನ್ನಡ ಅರ್ಥವಾಗುವುದಿಲ್ಲ.' ಅವಳ ಮನೆಮಾತು ಮರಾಠಿ. ಔರಾದಿನ ಕಡೆ ಅದು ಹೊಸದೇನಲ್ಲ, ತರಗತಿಯಲ್ಲಿ ಅವಳಂಥವರು ಬೇಕಾದಷ್ಟಿದ್ದರು. ಆದರೆ ಬರಹದಲ್ಲಿ ಸಿಕ್ಕಿಬಿದ್ದವಳು ಅವಳೊಬ್ಬಳೇ. ಎರಡನೆಯ ಬೆಂಚಿನಿಂದ ಕೊನೆಯ ಬೆಂಚಿಗೆ ಹೋದಳು. ಕೈ ಎತ್ತುವುದನ್ನು ಬಿಟ್ಟಳು.

ನನ್ನ ಬರಹದಲ್ಲಿ ಸುಳ್ಳೇನೂ ಇರಲಿಲ್ಲ. ಪರಿಹಾರ ಬೋಧನೆಗೆ ಅದು ಬೇಕೇ ಬೇಕಾಗಿತ್ತು. ತಪ್ಪಿದ್ದು ಎಲ್ಲಿ ಎಂದು ಬಸ್ಸಿನಲ್ಲಿ ಕುಳಿತು ಯೋಚಿಸುವಾಗ ನಾನು ತೆರೆದಿಟ್ಟು ಬಂದ ಇನ್ನೊಂದು ದಿನಚರಿ ನೆನಪಾಯಿತು. ಆ ರಾತ್ರಿ ಅದರ ಬಗ್ಗೆ ಓದಿದೆ.

ಆ ಬೀಗ ಸುಮ್ಮನೆ ಬಂದದ್ದಲ್ಲ. 2011ರ ಜನವರಿಯಲ್ಲಿ ಬಂದ ಲಿನಕ್ಸ್ 2.6.37ರಲ್ಲಿ ಅದನ್ನು ಮೊದಲು ಸೇರಿಸಿದರು. ಕರ್ನಲ್ಲಿನ ದಿನಚರಿಯಲ್ಲಿ ದೋಷದ ಜೊತೆಗೆ ಮೆಮೊರಿಯ ವಿಳಾಸಗಳೂ ಬೀಳುತ್ತಿದ್ದವು. ದಾಳಿ ಮಾಡುವವನಿಗೆ ಬೇಕಾದದ್ದು ಅದೇ. ಮುಂದೆ ಕರ್ನಲ್ ಪ್ರತಿ ಸಲ ಆರಂಭವಾಗುವಾಗಲೂ ಬೇರೆ ಜಾಗದಲ್ಲಿ ಕೂರುವ ವ್ಯವಸ್ಥೆ ಬಂತು. ದಿನಚರಿಯೇ ವಿಳಾಸ ಹೇಳಿಬಿಟ್ಟರೆ ಆ ಕಣ್ಣಾಮುಚ್ಚಾಲೆಗೆ ಅರ್ಥವಿಲ್ಲ. ಆದರೂ ಬೀಗ ಹಾಕುವುದೋ ಬೇಡವೋ ಎಂಬುದನ್ನು ಬಳಸುವವರಿಗೇ ಬಿಟ್ಟಿದ್ದರು, ಏಕೆಂದರೆ ನನ್ನಂತೆ ಪೋರ್ಟ್ ಹುಡುಕುವವರೇ ಹೆಚ್ಚು. ಉಬುಂಟು ಅದನ್ನು ತಾನಾಗಿ ಹಾಕಲು ತೊಡಗಿದ್ದು 2020ರ ಅಕ್ಟೋಬರಿನ 20.10ರಿಂದ. ನಮ್ಮ ನೌಬಾದಿನ ಕರೇಜ್ ನೋಡಿದವರಿಗೆ ಈ ಪೇಚು ತಿಳಿಯುತ್ತದೆ. ನೆಲದಡಿಯ ಕಾಲುವೆಯ ಹೂಳು ತೆಗೆಯಲು ಮೇಲಿನ ಬಾಯಿಗಳು ಬೇಕು. ಕಸ ಬೀಳುವುದೂ ಅಲ್ಲಿಂದಲೇ.

ನನಗೆ ಹೆಚ್ಚು ಹಿಡಿಸಿದ್ದು 2018ರ ಜನವರಿಯಲ್ಲಿ ಬಂದ 4.15ರ ಬದಲಾವಣೆ. ಅಲ್ಲಿಂದ ಮುಂದೆ ಸಾಮಾನ್ಯ ರೀತಿಯಲ್ಲಿ ಬರೆಸಿದ ವಿಳಾಸದ ಬದಲು ಕರ್ನಲ್ ಒಂದು ಗುಪ್ತ ಕೀಲಿಯಿಂದ ಮಾಡಿದ ಬದಲಿ ಸಂಖ್ಯೆಯನ್ನು ಬರೆಯುತ್ತದೆ. ಹತ್ತನೆಯ ಸಾಲಿನಲ್ಲೂ ನಲವತ್ತನೆಯ ಸಾಲಿನಲ್ಲೂ ಅದೇ ಸಂಖ್ಯೆ ಬಂದರೆ ಎರಡೂ ಒಂದೇ ವಸ್ತುವಿನ ಮಾತು ಎಂದು ದುರಸ್ತಿ ಮಾಡುವವನಿಗೆ ಗೊತ್ತಾಗುತ್ತದೆ. ಅದು ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ನಿಜವಾದ ವಿಳಾಸವೇ ಬೇಕೆಂದು ಹಟ ಹಿಡಿಯುವವರಿಗಾಗಿ 2021ರ 5.12ರಲ್ಲಿ ಒಂದು ಆಯ್ಕೆ ಇಟ್ಟರು. ಅದನ್ನು ಆರಿಸಿದರೆ ಕಂಪ್ಯೂಟರ್ ಆರಂಭವಾಗುವಾಗಲೇ ದಿನಚರಿಯಲ್ಲಿ ದೊಡ್ಡ ಎಚ್ಚರಿಕೆ ಬೀಳುತ್ತದೆ. ಗುಟ್ಟಾಗಿ ತೆರೆದಿಡುವ ಹಾಗಿಲ್ಲ. ನಾನು ಮಾಡಿದ್ದು ಗುಟ್ಟಾಗಿಯೇ.

9ನೇ ತರಗತಿಯ ಮಕ್ಕಳು ಕರ್ನಲ್ ಒಡೆಯುತ್ತಾರೆಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ನೋಟ್‌ಬುಕ್ ಓದುತ್ತಾರೆಂದೂ ನಂಬಿರಲಿಲ್ಲ.

ಮುಂದಿನ ಶನಿವಾರ ಅತಿಥಿ ಶಿಕ್ಷಕರಿಗೆ ವಿಷಯ ಹೇಳಿ 0ಯನ್ನು ಮತ್ತೆ 1 ಮಾಡಿದೆ. ಅವರು ಬೈಯಲಿಲ್ಲ, ನಕ್ಕರು. ಅದು ಇನ್ನೂ ಕಷ್ಟವಾಯಿತು. ಉಬುಂಟುವಿನಲ್ಲಿ 'ಎಡಿಎಂ' ಎಂಬ ಗುಂಪಿನವರು ಪೂರ್ಣ ಅಧಿಕಾರವಿಲ್ಲದೆಯೂ ಈ ಸಂದೇಶಗಳನ್ನು 'ಜರ್ನಲ್‌ಸಿಟಿಎಲ್' ಆಜ್ಞೆಯಿಂದ ಓದಬಹುದು. ಪ್ರಶಿಕ್ಷಣಾರ್ಥಿಗಳಿಗೆಂದು ಬೇರೆ ಖಾತೆ ಮಾಡಿ ಅದನ್ನು ಆ ಗುಂಪಿಗೆ ಸೇರಿಸಿದೆವು. ಮಕ್ಕಳ ಖಾತೆ ಹೊರಗೇ ಉಳಿಯಿತು.

ನೋಟ್‌ಬುಕ್ಕನ್ನೂ ಬದಲಿಸಿದೆ. ಈಗ ಹೆಸರಿನ ಜಾಗದಲ್ಲಿ 'ಮ-3', 'ಕ-7' ಎಂಬ ಗುರುತುಗಳಿವೆ. ಯಾವ ಗುರುತು ಯಾರದೆಂಬ ಪಟ್ಟಿ ನನ್ನ ಚೀಲದಲ್ಲಿದೆ, ಮಾರ್ಗದರ್ಶಕ ಶಿಕ್ಷಕರ ಹತ್ತಿರ ಒಂದು ಪ್ರತಿ ಇದೆ. ಜೊತೆಗಾರ ಗೊಣಗಿದ: "ಪ್ರತಿ ಸಲ ನಿನ್ನ ಕೇಳ್ಬೇಕೇನೋ?" ಕೇಳಬೇಕು ಎಂದೆ.

ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ, ನನ್ನ ಹರಕುಮುರುಕು ಮರಾಠಿಯಲ್ಲಿ. ಅವಳು ನನ್ನ ವ್ಯಾಕರಣ ತಿದ್ದಿದಳು. ನನ್ನ ಅವಧಿ ಮುಗಿಯುವವರೆಗೂ ಕೊನೆಯ ಬೆಂಚಿನಲ್ಲೇ ಕುಳಿತಳು. ಕೊನೆಯ ವಾರದಲ್ಲಿ ಒಮ್ಮೆ ಕೈ ಎತ್ತಿದಳು. ಲ್ಯಾಬಿನ ಆ ಮುಂದಿನ ಪೋರ್ಟ್ ಇನ್ನೂ ದುರಸ್ತಿಯಾಗಿಲ್ಲ. ಅದರ ಮೇಲೆ 'ಹಿಂದೆ ಹಾಕಿರಿ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಚೀಟಿ ಅಂಟಿಸಿ ಬಂದಿದ್ದೇನೆ.