ಜರ್ಮನಿಯ ರೈಲು: ಕಿಸೆಗೆ ಭಾರವಾಗದ ಸುತ್ತಾಟ

‘ದೇಶ ಸುತ್ತು, ಕೋಶ ಓದು’ ಎನ್ನುತ್ತಾರೆ ಹಿರಿಯರು. ಓದಲೆಂದು ಜರ್ಮನಿಗೆ ಹೋಗುವ ನಮ್ಮ ಮಕ್ಕಳ ಪಾಲಿಗೆ ಕೋಶವೇನೋ ಸಿಗುತ್ತದೆ. ದೇಶ ಮಾತ್ರ ಕಿಟಕಿಯಾಚೆಯೇ ಉಳಿಯುತ್ತದೆ. ಕಾರಣ ಸರಳ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ತಿರುಗಾಟಕ್ಕೆ ಖರ್ಚು ಮಾಡುವುದು ಹೇಗೆ ಎಂಬ ಅಳುಕು ಮಕ್ಕಳಿಗೆ. ‘ಓದಲು ಹೋದವನಿಗೆ ಊರು ಸುತ್ತುವುದೇಕೆ?’ ಎಂಬ ಪ್ರಶ್ನೆ ಮನೆಯಲ್ಲಿ.

ವೀಸಾಕ್ಕಾಗಿ ವಿದ್ಯಾರ್ಥಿ ಬ್ಯಾಂಕಿನಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 992 ಯೂರೋಗೆ ಏರಿತು. ಬಾಡಿಗೆ, ಊಟ, ವಿಮೆ ಎಲ್ಲವೂ ಅದರಲ್ಲೇ ಆಗಬೇಕು. ಆದರೆ ಲೆಕ್ಕ ಹಾಕಿ ಹೊರಟರೆ ಈ ಹಣದಲ್ಲೂ ಜರ್ಮನಿಯನ್ನು ಒಂದು ಸುತ್ತು ಹಾಕಬಹುದು. ಮಗನನ್ನೋ ಮಗಳನ್ನೋ ನೋಡಲು ಹೋಗುವ ತಂದೆ–ತಾಯಿಗೂ ಇದೇ ದಾರಿ.

ಒಂದು ಟಿಕೆಟ್, ಇಡೀ ದೇಶ

ಅಲ್ಲಿ ಎರಡು ಬಗೆಯ ರೈಲುಗಳಿವೆ. ಐಸಿಇ, ಐಸಿ ಎಂಬ ಹೆಸರಿನವು ದೂರದೂರುಗಳ ವೇಗದ ಗಾಡಿಗಳು. ಆರ್‌ಇ, ಆರ್‌ಬಿ, ಎಸ್ ಎಂಬ ಅಕ್ಷರ ಹೊತ್ತವು ಪ್ರಾದೇಶಿಕ ಗಾಡಿಗಳು. ನಮ್ಮ ಪ್ಯಾಸೆಂಜರ್ ರೈಲಿನ ಹಾಗೆ ಊರೂರಿಗೆ ನಿಲ್ಲುತ್ತವೆ. 2022ರ ಬೇಸಿಗೆಯಲ್ಲಿ ಮೂರು ತಿಂಗಳ ಕಾಲ ಸರ್ಕಾರ ತಿಂಗಳಿಗೆ ಕೇವಲ 9 ಯೂರೋಗೆ ಈ ಎರಡನೆಯ ಬಗೆಯ ರೈಲುಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಅದರ ಮುಂದುವರಿಕೆಯೇ 2023ರ ಮೇ ತಿಂಗಳಲ್ಲಿ ಬಂದ ‘ಡಾಯ್ಚ್‌ಲಾಂಡ್ ಟಿಕೆಟ್’. ಆಗ ಬೆಲೆ 49 ಯೂರೋ ಇತ್ತು. 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಗಿದೆ. ದೇಶದ ಎಲ್ಲ ಪ್ರಾದೇಶಿಕ ರೈಲು, ನಗರದ ಬಸ್ಸು, ಟ್ರಾಮ್, ಸುರಂಗ ರೈಲುಗಳಿಗೆ ಇದೊಂದೇ ಸಾಕು. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇದು ಇನ್ನೂ ಕಡಿಮೆ ಬೆಲೆಗೆ ಸೆಮಿಸ್ಟರ್ ಶುಲ್ಕದೊಂದಿಗೇ ಸಿಗುತ್ತದೆ. ಅಂಥವರ ಕೈಯಲ್ಲಿ ಟಿಕೆಟ್ ಆಗಲೇ ಇದೆ, ಹೊರಡುವುದೊಂದೇ ಬಾಕಿ.

ಪ್ರವಾಸಿಗರೂ ಇದನ್ನು ಕೊಳ್ಳಬಹುದು. ಆದರೆ ಎರಡು ಮಾತು ನೆನಪಿರಲಿ. ಒಂದು, ಇದು ಪಂಚಾಂಗದ ತಿಂಗಳಿಗೆ ಸಲ್ಲುವ ಟಿಕೆಟ್. 20ನೇ ತಾರೀಖಿಗೆ ಬಂದಿಳಿದು ಮುಂದಿನ 10ರವರೆಗೆ ತಿರುಗಿದರೆ ಎರಡು ತಿಂಗಳ ಹಣ ತೆರಬೇಕು. 1ರಿಂದ 20ರವರೆಗೆ ಯೋಜಿಸಿದರೆ ಒಂದೇ ತಿಂಗಳದ್ದು. ಎರಡು, ಇದು ಚಂದಾ ರೂಪದಲ್ಲಿದೆ. ಮುಂದಿನ ತಿಂಗಳು ಬೇಡವೆಂದರೆ ಈ ತಿಂಗಳ 10ರೊಳಗೆ ರದ್ದುಪಡಿಸಬೇಕು. ಟಿಕೆಟ್ ಹೆಸರಿನ ಮೇಲಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ನಿಲ್ದಾಣಗಳಲ್ಲಿ ಗೇಟು ಇಲ್ಲವೆಂದು ಯಾರೂ ಸಲೀಸಾಗಿ ಹತ್ತಬಾರದು. ತಪಾಸಣೆ ಗಾಡಿಯೊಳಗೆ ನಡೆಯುತ್ತದೆ, ಸಿಕ್ಕಿಬಿದ್ದರೆ ದಂಡ 60 ಯೂರೋ.

ಒಂದೇ ದಿನದ ತಿರುಗಾಟಕ್ಕೆ ರಾಜ್ಯವಾರು ಟಿಕೆಟ್‌ಗಳಿವೆ. ಬವೇರಿಯದ ‘ಬಯರ್ನ್ ಟಿಕೆಟ್’ನಲ್ಲಿ ಐವರವರೆಗೆ ಜೊತೆಗೂಡಿ ಹೋಗಬಹುದು, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಸಲ್ಲುತ್ತದೆ.

ಮೂರು ಊರು, ಹತ್ತು ದಿನ

ಅಗ್ಗದ ಗಾಡಿಗೆ ಹೊತ್ತು ಹೆಚ್ಚು. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇ ಸುಮಾರು 4 ಗಂಟೆಯಲ್ಲಿ ಮುಟ್ಟಿಸಿದರೆ, ಪ್ರಾದೇಶಿಕ ರೈಲಿಗೆ ಅದರ ದುಪ್ಪಟ್ಟಿಗೂ ಹೆಚ್ಚು ಬೇಕು. ಆದ್ದರಿಂದ ದೇಶದ ಉದ್ದಗಲ ಓಡುವ ಬದಲು ಮೂರು ಊರುಗಳಲ್ಲಿ ಮೂರು ಮೂರು ರಾತ್ರಿ ತಂಗಿ, ಸುತ್ತಲಿನದನ್ನು ನೋಡುವುದು ಜಾಣತನ. ದಿನವೂ ಪೆಟ್ಟಿಗೆ ಹೊರುವ ಕಷ್ಟವೂ ತಪ್ಪುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಹತ್ತಿರದ ಮೈಂಜ್ ಮೊದಲ ತಂಗುದಾಣ. ಮುದ್ರಣದ ಗುಟೆನ್‌ಬರ್ಗ್‌ನ ಊರಿದು. ಇಲ್ಲಿಂದ ರೈನ್ ನದಿಯ ಎಡದಂಡೆಯಲ್ಲಿ ಕೊಬ್ಲೆನ್ಜ್ ಕಡೆಗೆ ಹೊರಟರೆ ಬಲಗಡೆಯ ಕಿಟಕಿ ಹಿಡಿಯಿರಿ. ನೀರು, ದ್ರಾಕ್ಷಿ ತೋಟ, ಗುಡ್ಡದ ಮೇಲೆ ಒಂದಾದ ಮೇಲೊಂದು ಕೋಟೆ. ಬಿಂಗೆನ್‌ನಿಂದ ಕೊಬ್ಲೆನ್ಜ್‌ವರೆಗಿನ ಸುಮಾರು 65 ಕಿ.ಮೀ. ಕಣಿವೆ 2002ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಮರಳುವಾಗ ಬಲದಂಡೆಯ ಗಾಡಿ ಹಿಡಿದರೆ ಆಗಲೂ ನದಿ ಬಲಕ್ಕೇ. ಕೊಬ್ಲೆನ್ಜ್‌ನಿಂದ ಇನ್ನೊಂದು ಗಂಟೆ ಹೋದರೆ ಕೊಲೋನ್. 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿದ ಕೆಥೆಡ್ರಲ್ ರೈಲು ನಿಲ್ದಾಣದ ಬಾಗಿಲಲ್ಲೇ ನಿಂತಿದೆ.

ಎರಡನೆಯದು ಸ್ಟುಟ್‌ಗಾರ್ಟ್. ಇಲ್ಲಿ ಕನ್ನಡಿಗರಿಗೆ ಬೇರೆಯದೇ ಕೆಲಸವಿದೆ. ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗೆನ್, ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದ ಊರು. ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ಅದೇ ದಾರಿಯಲ್ಲಿ ಕಾಲು ಗಂಟೆಯ ಎಸ್ಲಿಂಗೆನ್, 1843ರಲ್ಲಿ ‘ಮಂಗಳೂರು ಸಮಾಚಾರ’ ಆರಂಭಿಸಿದ ಹರ್ಮನ್ ಮ್ಯೋಗ್ಲಿಂಗ್ 1881ರಲ್ಲಿ ತೀರಿಕೊಂಡ ಸ್ಥಳ. ದೂರದೂರಿನಲ್ಲಿ ಒಂಟಿತನ ಕಾಡುವ ವಿದ್ಯಾರ್ಥಿಗೆ, ಇಲ್ಲಿಂದ ಹೊರಟು ನಮ್ಮ ಭಾಷೆ ಕಲಿತವರ ಬೀದಿಯಲ್ಲಿ ನಡೆಯುವುದು ಸಣ್ಣ ಧೈರ್ಯವಲ್ಲ. ಬಿಡುವಿದ್ದರೆ ಉಲ್ಮ್‌ಗೂ ಹೋಗಿ ಬನ್ನಿ. 161.5 ಮೀಟರ್ ಎತ್ತರದ ಅಲ್ಲಿನ ಚರ್ಚ್ 2025ರ ಅಕ್ಟೋಬರ್‌ವರೆಗೂ ಜಗತ್ತಿನಲ್ಲೇ ಅತಿ ಎತ್ತರದ್ದಾಗಿತ್ತು.

ಮೂರನೆಯದು ನ್ಯೂರೆಂಬರ್ಗ್. 1835ರ ಡಿಸೆಂಬರ್ 7ರಂದು ಜರ್ಮನಿಯ ಮೊದಲ ಉಗಿಬಂಡಿ ‘ಆಡ್ಲರ್’ ಇಲ್ಲಿಂದ ಫ್ಯುರ್ತ್‌ಗೆ ಓಡಿತು. ನಮ್ಮ ಬೊಂಬಾಯಿ–ಠಾಣೆ ರೈಲಿಗಿಂತ 18 ವರ್ಷ ಮೊದಲು. ಆ ಕಥೆ ಹೇಳುವ ರೈಲ್ವೆ ವಸ್ತುಸಂಗ್ರಹಾಲಯ ಊರಲ್ಲಿದೆ; ಹಳೆಯ ಊರು ಬಾಂಬೆರ್ಗ್ ಹತ್ತಿರವೇ ಇದೆ. ಇಲ್ಲಿಂದ ವ್ಯೂರ್ಟ್ಸ್‌ಬರ್ಗ್ ಮೂಲಕ ಫ್ರಾಂಕ್‌ಫರ್ಟ್‌ಗೆ ಮರಳಬಹುದು.

ತಡವಾದರೆ?

ಜರ್ಮನಿಯ ರೈಲೆಂದರೆ ಗಡಿಯಾರದ ಮುಳ್ಳು ಎಂಬ ನಂಬಿಕೆ ನಮ್ಮಲ್ಲಿದೆ. 2024ರಲ್ಲಿ ದೂರದ ರೈಲುಗಳ ಪೈಕಿ ವೇಳೆಗೆ ಸರಿಯಾಗಿ ಬಂದವು ಶೇ 62.5ರಷ್ಟು ಮಾತ್ರ. ಹಳಿ ದುರಸ್ತಿಯಿಂದ ಕೆಲವೊಮ್ಮೆ ಇಡೀ ಮಾರ್ಗವೇ ಮುಚ್ಚಿ, ಬಸ್ಸಿನಲ್ಲಿ ಸಾಗಿಸುವುದೂ ಉಂಟು. ಆದ್ದರಿಂದ ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿ. ಗಾಡಿ ಬದಲಿಸುವಲ್ಲಿ ಇಪ್ಪತ್ತು ನಿಮಿಷವಾದರೂ ಇಟ್ಟುಕೊಳ್ಳಿ. ಕೊನೆಯ ರೈಲನ್ನೇ ನಂಬಿ ಕೂರಬೇಡಿ. ವಿಮಾನ ಹಿಡಿಯುವ ದಿನಕ್ಕಿಂತ ಒಂದು ದಿನ ಮುಂಚೆಯೇ ಆ ಊರು ಸೇರಿರಿ. ಐಸಿಇ ಬೇಕೇ ಬೇಕೆಂದರೆ ವಾರಗಳ ಮುಂಚೆ ಕಾದಿರಿಸಿದಾಗ ಸಿಗುವ ‘ಶ್ಪಾರ್‌ಪ್ರೈಸ್’ ಅಗ್ಗ. ಊರು ಸೇರುವುದು 60 ನಿಮಿಷ ತಡವಾದರೆ ಕಾಲುಭಾಗ, 120 ನಿಮಿಷವಾದರೆ ಅರ್ಧ ಹಣ ಮರಳಿ ಪಡೆಯುವ ನಿಯಮವಿದೆ. ಅರ್ಜಿ ಹಾಕಬೇಕು, ಅಷ್ಟೆ.

ಊಟ, ವಸತಿ

ಅಡುಗೆಮನೆ ಇರುವ ಹಾಸ್ಟೆಲ್ ಹುಡುಕಿ. ಅಕ್ಕಿ, ಮೊಸರು, ತರಕಾರಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮನೆಯ ಪುಳಿಯೋಗರೆ ಗೊಜ್ಜು ಒಂದು ಡಬ್ಬಿ ಇದ್ದರೆ ವಾರ ಕಳೆಯುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಶನಿವಾರವೇ ಸಾಮಾನು ಕೊಂಡಿಡಿ. ನಲ್ಲಿ ನೀರು ಕುಡಿಯಲು ಯೋಗ್ಯ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ. ಎಸೆಯದೆ ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿ. ನಿಲ್ದಾಣದ ಶೌಚಾಲಯಕ್ಕೆ ಚಿಲ್ಲರೆ ಇರಲಿ.

ಪೋಷಕರಿಗೆ ಒಂದು ಮಾತು. ಮಕ್ಕಳು ಇಂಥ ಪ್ರವಾಸದ ಮಾತೆತ್ತಿದರೆ ಬೇಡ ಎನ್ನುವ ಮುನ್ನ ಲೆಕ್ಕ ಕೇಳಿ. ದಿನವಾರು ಊರು, ರೈಲು, ತಂಗುವ ಜಾಗ, ಖರ್ಚು ಬರೆದು ಕಳಿಸಲಿ. ತುರ್ತಿಗೆಂದು ಬೇರೆ ತೆಗೆದಿಟ್ಟ ಹಣವನ್ನೂ ತೋರಿಸಲಿ. ಪರದೇಶದಲ್ಲಿ ಹತ್ತು ದಿನದ ಲೆಕ್ಕ ತೂಗಿಸಬಲ್ಲ ಮಗಳು, ಎರಡು ವರ್ಷದ ಓದಿನ ಲೆಕ್ಕವನ್ನೂ ತೂಗಿಸಿಯಾಳು.