ತೋಟದ ಪಹಣಿ, ಮೂರು ಟೇಬಲ್ಲು

ಡೇಟಾಬೇಸ್ ಕಲೀಬೇಕು, ಎಲ್ಲಿಂದ ಶುರು ಮಾಡೋದು ಅಂತ ಕೇಳಿದವರಿಗೆಲ್ಲ ನಾನೂ ಎಲ್ಲರ ಹಾಗೆ ಕಾಲೇಜು, ವಿದ್ಯಾರ್ಥಿ, ಮಾರ್ಕ್ಸಿನ ಉದಾಹರಣೆಯನ್ನೇ ಕೊಡ್ತಿದ್ದೆ. ಇನ್ನು ಕೊಡಲ್ಲ. ನಿಮ್ಮ ಮನೆಯ ಪಹಣಿ ತಗೊಳ್ಳಿ.

ಅಪ್ಪ ಹೋದ ವರ್ಷ ತೀರಿಕೊಂಡರು. ತಿಪಟೂರು ಕಡೆಯ ನಮ್ಮ ತೆಂಗಿನ ತೋಟ ಇನ್ನೂ ತಾತನ ಹೆಸರಲ್ಲೇ ಇದೆ. ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕು. ತಮ್ಮ ಪಹಣಿಗಳ ಫೋಟೋ ಕಳಿಸಿ, "ಅಕ್ಕ, ನೀನು ಡೇಟಾ ಕೆಲಸದವಳಲ್ವಾ, ಇದನ್ನೊಂಚೂರು ಜೋಡಿಸಿಕೊಡು" ಅಂದ. ಆಗ ಇಲ್ಲಿ ಲೊಂಬಾರ್ಡಿನಲ್ಲಿ ರಾತ್ರಿ 9, ಅಲ್ಲಿ ಬೆಳಿಗ್ಗೆ ಏಳೂವರೆ. ಮೇ ತಿಂಗಳು. ಲಿಲೇಸಿಯಾ ಪಾರ್ಕಿನಲ್ಲಿ ಲೈಲಾಕ್ ಹೂ ಬಿಟ್ಟು ಊರಿಗೆ ಊರೇ ಅಲ್ಲಿ ಸುತ್ತುವ ಕಾಲ. ನಾನು ಅಡುಗೆಮನೆ ಮೇಜಿನ ಮೇಲೆ ಎಸ್‌ಕ್ಯೂಲೈಟ್ ತೆರೆದು ಕೂತೆ.

ಪಹಣಿ ನೋಡೋದಕ್ಕೇ ಒಂದು ಟೇಬಲ್ಲು. 2000ರ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. 9ನೇ ಕಾಲಂನಲ್ಲಿ ಮಾಲೀಕರ ಹೆಸರು: ಇಂಥವರು ಬಿನ್ ಇಂಥವರು. ಹೆಂಗಸಾದರೆ ಕೋಂ, ಅಂದರೆ ಇಂಥವರ ಹೆಂಡತಿ. ನಾನೂ ಹಾಗೇ ಒಂದೇ ದೊಡ್ಡ ಟೇಬಲ್ ಮಾಡಿದೆ: ಸರ್ವೆ ನಂಬರ್, ಹಿಸ್ಸಾ, ಮಾಲೀಕ, ವಿಸ್ತೀರ್ಣ. ಕೆಲಸದಲ್ಲಿ ಹೊಸಬರು ಹೀಗೆ ಮಾಡಿದರೆ ನಾನೇ ಗೊಣಗ್ತೀನಿ!

ತಾತನ ಹೆಸರು ಒಂದರಲ್ಲಿ ಅಪ್ಪ ಅಂತ, ಇನ್ನೊಂದರಲ್ಲಿ ಗೌಡ ಅಂತ, ಮೂರನೆಯದರಲ್ಲಿ ಎರಡೂ ಇಲ್ಲದೆ ಇತ್ತು. ಕಂಪ್ಯೂಟರ್ ಲೆಕ್ಕಕ್ಕೆ ಮೂರು ತಾತಂದಿರು. ಅದು ಸಾಲದು ಅಂತ ಚಿಕ್ಕಪ್ಪನ ಮಗನಿಗೂ ಅದೇ ಹೆಸರು. ಅದಕ್ಕೇ ಹೆಸರನ್ನು ಗುರುತಾಗಿ ನಂಬಬೇಡಿ. ವ್ಯಕ್ತಿಗಳಿಗೆ ಒಂದು ಬೇರೆ ಟೇಬಲ್ ಮಾಡಿ, ಮೊದಲ ಕಾಲಂ ಬರೀ ನಂಬರ್ ಇರಲಿ. ಅದರ ಮುಂದೆ 'ಇಂಟಿಜರ್ ಪ್ರೈಮರಿ ಕೀ' ಅಂತ ಬರೆದರೆ ಎಸ್‌ಕ್ಯೂಲೈಟ್ ತಾನೇ ನಂಬರ್ ಕೊಡುತ್ತದೆ. ತಾತ 1, ಅಪ್ಪ 2, ಚಿಕ್ಕಪ್ಪ 3, ಅಮ್ಮ 4, ತಮ್ಮ 5, ನಾನು 6.

ಯಾವ ಕಾಲಂ ಖಾಲಿ ಇರಬಹುದು ಅನ್ನೋದನ್ನು ಟೇಬಲ್ ಮಾಡುವಾಗಲೇ ಯೋಚಿಸಿ. ಸರ್‌ನೇಮ್ ಅನ್ನೋ ಕಾಲಂ ಮಾಡಿ ಅದಕ್ಕೆ 'ನಾಟ್ ನಲ್' ಅಂತ ಬೀಗ ಹಾಕಿದರೆ ನಮ್ಮಂಥವರು ಏನು ತುಂಬಬೇಕು? ಪಾಸ್‌ಪೋರ್ಟಿನಲ್ಲಿ ನನ್ನ ಇಡೀ ಹೆಸರು ಒಂದೇ ಕಾಲಂನಲ್ಲಿತ್ತು. ಹಾಗಾಗಿ ಡೆಟ್ರಾಯಿಟ್ ಕಡೆ ಮಾಸ್ಟರ್ಸ್ ಓದುವಾಗ ಎರಡು ವರ್ಷ ಕಾಗದಗಳಲ್ಲಿ ನಾನು 'ಎಫ್‌ಎನ್‌ಯು', ಫಸ್ಟ್ ನೇಮ್ ಅನ್‌ನೋನ್.

ಇನ್ನು ಜಮೀನಿನ ಟೇಬಲ್. ಇಲ್ಲಿ ನಾನು ಸರಿಯಾಗಿ ಬಿದ್ದೆ. ಪಹಣಿಯಲ್ಲಿ 2 ಎಕರೆ 10 ಗುಂಟೆಯನ್ನು 2.10 ಅಂತ ಬರೆದಿರುತ್ತಾರೆ, ನಾನೂ ದಶಮಾಂಶ ಅಂತ ಹಾಕಿಬಿಟ್ಟೆ. ಇನ್ನೊಂದು ತುಂಡು 1.35. ಕೂಡಿಸಿದರೆ 3.45 ಅಂತು. ಎಕರೆಗೆ 40 ಗುಂಟೆ ರೀ! ತಮ್ಮ ಬಾಯಲ್ಲೇ ಲೆಕ್ಕ ಹಾಕಿ "4 ಎಕರೆ 5 ಗುಂಟೆ" ಅಂದ. ಎಲ್ಲವನ್ನೂ ಗುಂಟೆ ಮಾಡಿ ಪೂರ್ಣಾಂಕವಾಗಿ ಇಟ್ಟೆ: 90, 75, ಒಟ್ಟು 165. ಕಾಲಂನ ಟೈಪ್ ಆರಿಸುವಾಗ ಅದು ನೋಡೋಕೆ ಹೇಗಿದೆ ಅನ್ನೋದಕ್ಕಿಂತ ಹೇಗೆ ಕೂಡುತ್ತೆ ಅಂತ ಕೇಳ್ಕೊಳ್ಳಿ. ಎಸ್‌ಕ್ಯೂಲೈಟ್ ಈ ವಿಷಯದಲ್ಲಿ ಸ್ವಲ್ಪ ಸಡಿಲ, ಸಂಖ್ಯೆಯ ಕಾಲಂನಲ್ಲಿ ಅಕ್ಷರ ಹಾಕಿದರೂ ಸುಮ್ಮನೆ ಇಟ್ಟುಕೊಳ್ಳುತ್ತೆ. ಟೇಬಲ್ ಕೊನೆಗೆ 'ಸ್ಟ್ರಿಕ್ಟ್' ಅಂತ ಸೇರಿಸಿದರೆ ಬಿಗಿಯಾಗುತ್ತದೆ.

ಒಬ್ಬರಿಗೆ ಹಲವು ತುಂಡು, ಒಂದು ತುಂಡಿಗೆ ಹಲವರು. ಇದನ್ನು ವ್ಯಕ್ತಿ ಟೇಬಲ್ಲಿಗೂ ತುರುಕೋಕಾಗಲ್ಲ, ಜಮೀನಿನ ಟೇಬಲ್ಲಿಗೂ ಆಗಲ್ಲ. ಅದಕ್ಕೇ ಮೂರನೆಯದು, ಹಕ್ಕು: ವ್ಯಕ್ತಿಯ ನಂಬರ್, ಜಮೀನಿನ ನಂಬರ್, ಪಾಲು. ಮೊದಲೆರಡು ಫಾರಿನ್ ಕೀ, ಅಂದರೆ ಬೇರೆ ಟೇಬಲ್‌ನಲ್ಲಿ ನಿಜವಾಗಿ ಇರೋ ನಂಬರನ್ನೇ ಹಾಕಬೇಕು. ಎಸ್‌ಕ್ಯೂಲೈಟ್‌ನಲ್ಲಿ ಈ ಕಾವಲು ಸಾಮಾನ್ಯವಾಗಿ ಆಫ್ ಇರುತ್ತೆ, ತೆರೆದಾಗಲೆಲ್ಲ 'ಪ್ರಾಗ್ಮಾ ಫಾರಿನ್ ಕೀಸ್' ಆನ್ ಮಾಡ್ಕೊಳ್ಳಿ. (ರಿಲೇಶನಲ್ ಅನ್ನೋ ಹೆಸರು ಬಂದಿದ್ದು ಈ ನಂಟಿನಿಂದ ಅಂತ ನಾನೂ ಬಹಳ ದಿನ ತಿಳಿದಿದ್ದೆ. ಅಲ್ಲ. 1970ರಲ್ಲಿ ಇದನ್ನು ಮಂಡಿಸಿದ ಐಬಿಎಂನ ಎಡ್ಗರ್ ಕಾಡ್ ಗಣಿತದವರು. ಡಾಕ್ಟರೇಟ್ ಪಡೆದಿದ್ದು ಡೆಟ್ರಾಯಿಟ್ ಪಕ್ಕದ ಆನ್ ಆರ್ಬರಿನ ಮಿಶಿಗನ್ ಯೂನಿವರ್ಸಿಟಿಯಲ್ಲಿ. ಅವರ ಪ್ರಕಾರ 'ರಿಲೇಶನ್' ಅಂದರೆ ಟೇಬಲ್ಲೇ.)

ಅಜ್ಜಿ ತಾತನಿಗಿಂತ ಮೊದಲೇ ಹೋದವರು. ಹಾಗಾಗಿ ಅಪ್ಪನ ಕಡೆಗೆ ಅರ್ಧ, ಚಿಕ್ಕಪ್ಪನಿಗೆ ಅರ್ಧ ಹಾಕ್ತಾ ಇದ್ದೆ. ವಿಡಿಯೋ ಕಾಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದರು, "ನಿಮ್ಮತ್ತೆಗೆ ಎಷ್ಟು ಹಾಕಿದೀಯ?"

ಅತ್ತೆ 7 ಇರಬೇಕು ಅಂದುಕೊಂಡು ಹಾಕಿ ಒತ್ತಿದೆ. 'ಫಾರಿನ್ ಕೀ ಕನ್‌ಸ್ಟ್ರೇಂಟ್ ಫೇಲ್ಡ್.' 7 ಅನ್ನೋ ಸಾಲೇ ಇರಲಿಲ್ಲ. ಪಹಣಿಯ 9ನೇ ಕಾಲಂ ನೋಡಿ, ಅಪ್ಪ ಚಿಕ್ಕಪ್ಪನ ನೆನಪಿಂದ ಟೇಬಲ್ ತುಂಬಿದವಳು ನಾನೇ. ನನ್ನನ್ನು ಮರೆಯದೆ 6 ಅಂತ ಸೇರಿಸಿಕೊಂಡಿದ್ದೆ.

ತಮ್ಮ ಮಾತಾಡಲಿಲ್ಲ. ಚಿಕ್ಕಪ್ಪ ಆಮೇಲೆ, "ಅವಳಿಗೆ ಮದುವೇಲೇ ಕೊಟ್ಟಾಯ್ತಲ್ಲ" ಅಂದರು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಅಂದಿತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಷರತ್ತನ್ನು 2005ರ ಕೇಂದ್ರದ ತಿದ್ದುಪಡಿ ಉಳಿಸಿಕೊಳ್ಳಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳುವಾಗ ನನ್ನ ದನಿ ಅಷ್ಟೇನೂ ಗಟ್ಟಿ ಇರಲಿಲ್ಲ. ಅರ್ಧವನ್ನು ಮೂರರಲ್ಲೊಂದು ಮಾಡಿದೆ. ಅವರು ಇನ್ನೂ ಒಪ್ಪಿಲ್ಲ.

ಮಾರನೇ ದಿನ ಅತ್ತೆಗೆ ಫೋನ್ ಮಾಡಿದೆ. ಪಾಲಿನ ಮಾತಿಗೆ ಏನೂ ಹೇಳದೆ, "ನಂದು ಯಾವ ಹೆಸರು ಹಾಕಿದೆ?" ಅಂತ ಕೇಳಿದರು. ಮದುವೆ ದಿನ ಗಂಡನ ಮನೆಯವರು ಅವರ ಹೆಸರು ಬದಲಿಸಿದ್ದರು. ಆಧಾರ್‌ನಲ್ಲಿ ಹೊಸದು, ಸ್ಕೂಲ್ ಟಿಸಿಯಲ್ಲಿ ತಾತ ಇಟ್ಟಿದ್ದು. "ಎರಡೂ ಹಾಕು ಕಣೇ" ಅಂದರು.

ಎರಡನೇ ಹೆಸರು ಅಂತ ಇನ್ನೊಂದು ಕಾಲಂ ಸೇರಿಸಬಹುದಿತ್ತು. ಆದರೆ ತಾತನಿಗೆ ಮೂರಿವೆ. ಹೆಸರುಗಳಿಗೇ ನಾಲ್ಕನೇ ಟೇಬಲ್ ಮಾಡಿದೆ: ವ್ಯಕ್ತಿಯ ನಂಬರ್, ಹೆಸರು, ಯಾವ ಕಾಗದದಲ್ಲಿದೆ. ಅದರ ಮೊದಲ ಎರಡು ಸಾಲು ಅತ್ತೆಯವು.