ಹಳೆಯ ಕಾರಿಗೊಂದು ಎಂಜಿನ್

ಬೆಂಗಳೂರಿನ ಕಾಮರಾಜ ರಸ್ತೆಯಿಂದ ಕಮರ್ಷಿಯಲ್ ಸ್ಟ್ರೀಟಿಗೆ ಕಾಲಿಟ್ಟವರಿಗೆ, ಲೋಕದಲ್ಲಿ ಹಳೆಯದೆಂಬುದೇ ಇಲ್ಲವೇನೋ ಎಂಬ ಭ್ರಮೆಯುಂಟಾಗುತ್ತದೆ. ಸೀರೆ ಹೊಸದು, ಬಳೆ ಹೊಸದು, ಪಾದರಕ್ಷೆ ಹೊಸದು. ಆದರೆ ಅಲ್ಲಿಂದ ಶಿವಾಜಿನಗರದ ಒಳಬೀದಿಗಳತ್ತ ಸ್ವಲ್ಪ ದೂರ ನಡೆದರೆ ನೋಟವೇ ಬೇರೆ. ಕಳಚಿದ ಬಾಗಿಲುಗಳು, ಬಂಪರುಗಳು, ಎಣ್ಣೆ ಮೆತ್ತಿದ ಗೇರ್‌ಬಾಕ್ಸುಗಳು ಗುಜರಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತವೆ. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡುಪ್ರದೇಶದ ಈ ಮಗ್ಗುಲಲ್ಲಿ, ಒಂದು ವಾಹನದ ಮರಣ ಮತ್ತೊಂದು ವಾಹನದ ಆಯುಷ್ಯವಾಗುತ್ತದೆ.

ಅಂಬಾಸಿಡರ್ ಕಾರು ಇಂಥ ಬೀದಿಗೆ ಹೇಳಿ ಮಾಡಿಸಿದಂತಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿ, ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ 1950ರ ದಶಕದ ಕೊನೆಯಿಂದ ಇದನ್ನು ತಯಾರಿಸಿತು. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದರ ಗುಂಡುಮೈ ಹೆಚ್ಚು ಬದಲಾಗಲಿಲ್ಲ. ಹೊಸತನ ಬಯಸಿದವರು ಅದನ್ನು ಹಳಿದರು. ಮೇಸ್ತ್ರಿಗಳು ಮಾತ್ರ ಹರಸಿದರು. ಬಾನೆಟ್ಟನ್ನು ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಇಂದಿನ ಕಾರುಗಳ ಎಂಜಿನ್ ಎಲೆಕ್ಟ್ರಾನಿಕ್ ನಿಯಂತ್ರಕದ ಅಪ್ಪಣೆಯಿಲ್ಲದೆ ಉಸಿರನ್ನೂ ಬಿಡುವುದಿಲ್ಲ.

ಇಂಥದೊಂದು ಅಂಬಾಸಿಡರನ್ನು ನಂಬಿ ಬದುಕಿದ್ದ ಚಾಲಕನೊಬ್ಬನಿದ್ದ. ಅರವತ್ತು ದಾಟಿದ ವಯಸ್ಸು. ಮದುವೆಯ ಮೆರವಣಿಗೆ, ಚಲನಚಿತ್ರದ ಚಿತ್ರೀಕರಣ ಇವುಗಳಿಂದಲೇ ಅವನ ಅನ್ನ. ಕೆಲವು ತಿಂಗಳಿಂದ ಕಾರು ನೀಲಿ ಹೊಗೆಯನ್ನು ಕಾರುತ್ತಿತ್ತು. ಪೆಟ್ರೋಲಿನ ಜೊತೆಗೆ ಎಣ್ಣೆಯೂ ಉರಿಯುತ್ತಿದೆ ಎಂಬುದಕ್ಕೆ ಅದೇ ಕುರುಹು. ಸಿಲಿಂಡರುಗಳು ಸವೆದಾಗ ಅವನ್ನು ಕೊರೆದು ಅಗಲಿಸಿ, ದೊಡ್ಡ ಪಿಸ್ಟನ್ ಹಾಕುವ ಉಪಾಯವುಂಟು. ಈ ಎಂಜಿನ್ನಿಗೆ ಆ ಚಿಕಿತ್ಸೆ ಎರಡು ಸಲ ಆಗಿಹೋಗಿತ್ತು. ಮೂರನೆಯ ಸಲ ಕೊರೆಯಲು ಗೋಡೆಯಲ್ಲಿ ಲೋಹ ಉಳಿದಿರಲಿಲ್ಲ. ತೂಕಕ್ಕೆ ಹಾಕಿಬಿಡುವುದು ಲೇಸೆಂದು ಮಗ ಹೇಳಿದ. ಹನ್ನೆರಡು ದಿನಗಳಲ್ಲಿ ಬರಲಿದ್ದ ಒಂದು ಮದುವೆಗೆ ಮುಂಗಡ ಹಣ ಪಡೆದಾಗಿತ್ತು.

ಮೇಸ್ತ್ರಿ ಕಾರಿನ ಕೆಳಗೆ ನುಸುಳಿ, ಸ್ಪಾನರಿನಿಂದ ತಳವನ್ನು ಅಲ್ಲಲ್ಲಿ ತಟ್ಟಿ ನೋಡಿ ಹೊರಬಂದ.

“ಬಾಡಿ ಗಟ್ಟಿಯಾಗಿದೆ, ಯಜಮಾನರೇ. ಎಂಜಿನ್ ಮಾತ್ರ ಸತ್ತಿದೆ.”

“ಡೀಸೆಲ್ ಎಂಜಿನ್ ಕೂಡಿಸಿದರೆ ಹೇಗೆ ಮೇಸ್ತ್ರಿ? ಖರ್ಚು ಉಳಿಯುತ್ತದಲ್ಲ?”

“ಕೂಡಿಸಬಹುದು. ಈ ಮುದುಕನ ಮೈ ತಡೆಯಬೇಕಲ್ಲ!”

ಚಾಲಕನ ಆಸೆ ಅಸಹಜವಾದುದೇನಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದಾಗ, ಕಾರಿನ ಪೆಟ್ರೋಲ್ ಎಂಜಿನ್ ತೆಗೆದು ಮೆಟಡಾರ್ ವ್ಯಾನಿನಂಥವುಗಳ ಡೀಸೆಲ್ ಎಂಜಿನ್ ಹಾಕಿಸಿಕೊಂಡವರುಂಟು. ಆದರೆ ಎರಡರ ಸ್ವಭಾವವೂ ಬೇರೆ. ಹಳೆಯ ಪೆಟ್ರೋಲ್ ಎಂಜಿನ್ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಏಳೆಂಟರಲ್ಲಿ ಒಂದು ಪಾಲಿಗೆ ಅದುಮಿ, ವಿದ್ಯುತ್ ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆ ಒತ್ತಡದ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡವನ್ನು ತಾಳಬೇಕಾದರೆ ಎಂಜಿನ್ನಿನ ಮೈ ದಪ್ಪವಾಗಿರಬೇಕು. ತೂಕ ಹೆಚ್ಚುತ್ತದೆ, ನಡುಕವೂ ಹೆಚ್ಚುತ್ತದೆ. ಬಲವೊಂದೇ ಯೋಗ್ಯತೆಯಾಗಿದ್ದರೆ ಎತ್ತಿನ ಗಾಡಿಗೆ ಆನೆಯನ್ನು ಕಟ್ಟಬಹುದಿತ್ತು.

ಕೊನೆಗೆ ಗುಜರಿಯಲ್ಲಿ ಅದೇ ಜಾತಿಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೊಂದು ದೊರೆಯಿತು. ಅದರ ಕಾರಿನ ತಳವೆಲ್ಲ ತುಕ್ಕು ತಿಂದು ಹೋಗಿತ್ತು. ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರಕ್ಕೆ ಹೆಬ್ಬೆರಳನ್ನು ಒತ್ತಿ ಹಿಡಿದು, ಹುಡುಗನಿಂದ ಎಂಜಿನ್ನನ್ನು ತಿರುಗಿಸಿದ. ಗಾಳಿ ಬೆರಳನ್ನು ಫಟ್ಟೆಂದು ತಳ್ಳಿತು. ನಾಲ್ಕು ಸಿಲಿಂಡರುಗಳನ್ನೂ ಹೀಗೆಯೇ ಪರೀಕ್ಷಿಸಿ, ಬಿರುಕಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅವನು ಬೆಲೆಯ ಮಾತೆತ್ತಿದ್ದು. ನಾಡಿ ನೋಡುವ ವೈದ್ಯರಿಗೂ ಇಷ್ಟು ತಾಳ್ಮೆ ಇರುವುದು ಅಪರೂಪ.

ಬಿಚ್ಚುವ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ರೇಡಿಯೇಟರಿನ ನೀರು ಬಸಿದು, ಕೊಳವೆಗಳನ್ನೂ ತಂತಿಗಳನ್ನೂ ಕಳಚಿ, ಚೈನ್ ಬ್ಲಾಕಿನಿಂದ ಹಳೆಯ ಎಂಜಿನ್ನನ್ನು ಮೇಲೆತ್ತಿದರು. ಕೂಡಿಸುವುದೇ ಕಠಿನ. ಗೇರ್‌ಬಾಕ್ಸಿನಿಂದ ಹೊರಚಾಚಿದ ದಂಡದ ಹಲ್ಲುಗಳು ಕ್ಲಚ್ ತಟ್ಟೆಯ ನಡುವಣ ಹಲ್ಲುಗಳೊಳಗೆ ಸರಿಯಾಗಿ ಹೊಕ್ಕರೆ ಮಾತ್ರ ಎರಡೂ ಒಂದಾಗುತ್ತವೆ. ತಟ್ಟೆ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಎಂಜಿನ್ ಅರ್ಧದಲ್ಲೇ ನಿಂತು ತೂಗುತ್ತದೆ. ಮೂರು ಸಲ ಹಾಗೆಯೇ ಆಯಿತು. ಸುತ್ತಿಗೆಯಿಂದ ಒಂದೇಟು ಹಾಕೋಣವೆಂದ ಹುಡುಗನ ಕೈಯಿಂದ ಮೇಸ್ತ್ರಿ ಸುತ್ತಿಗೆಯನ್ನೇ ಕಿತ್ತುಕೊಂಡ. ಎಂಜಿನ್ನನ್ನು ಮತ್ತೆ ಮೇಲೆತ್ತಿ ತಟ್ಟೆಯನ್ನು ನಡುವಿಗೆ ತಂದು ಕೂರಿಸಿದ ಬಳಿಕ, ನಾಲ್ಕನೆಯ ಸಲ ಅದು ಸದ್ದಿಲ್ಲದೆ ಒಳಸರಿಯಿತು.

ಕಾನೂನಿನ ಕೆಲಸ ಬೇರೆಯೇ ಇತ್ತು. 1988ರ ಮೋಟಾರು ವಾಹನಗಳ ಅಧಿನಿಯಮದಂತೆ, ಎಂಜಿನ್ ಬದಲಿಸುವವರು ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು ಹೊಸ ಎಂಜಿನ್ನಿನ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಬರೆಯಿಸಬೇಕು. ಕದ್ದ ವಾಹನಗಳ ಬಿಡಿಭಾಗಗಳು ಕೈಬದಲಾಗುವ ಲೋಕದಲ್ಲಿ ಈ ನಿಯಮ ಬೇಕಾದದ್ದೇ. ಚಾಸಿಯ ಸಂಖ್ಯೆ ಮಾತ್ರ ಹಿಂದಿನದೇ ಉಳಿಯುತ್ತದೆ. ಮಗ ಅಂದಿನಿಂದ ಕಾರನ್ನು ತೂಕಕ್ಕೆ ಹಾಕುವ ಮಾತೆತ್ತಲಿಲ್ಲ. ಕಚೇರಿಗೆ ಅಲೆದು ಕಾಗದಗಳನ್ನು ಸರಿಪಡಿಸಿದವನು ಅವನೇ.

ಮದುವೆಗೆ ಎರಡು ದಿನ ಉಳಿದಿರುವಾಗ ಎಂಜಿನ್ ಮೊದಲ ಸಲ ಉಸಿರೆಳೆಯಿತು. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಓಡತೊಡಗಿತು. ಚಾಲಕ ಕಾರಿನ ಹಿಂದೆ ಹೋಗಿ ನಿಂತು ಬಹಳ ಹೊತ್ತು ಸೈಲೆನ್ಸರನ್ನೇ ನೋಡಿದ. ನೀಲಿ ಹೊಗೆ ಇರಲಿಲ್ಲ.

“ಮೆರವಣಿಗೆಯಲ್ಲಿ ಜೋಪಾನ, ಯಜಮಾನರೇ,” ಎಂದ ಮೇಸ್ತ್ರಿ, ಕೈಯ ಎಣ್ಣೆಯನ್ನು ಒರೆಸಿಕೊಳ್ಳುತ್ತ. “ಆಮೆ ನಡಿಗೆಯಲ್ಲಿ ರೇಡಿಯೇಟರಿಗೆ ಗಾಳಿ ಸಾಲದು, ನೀರು ಕುದಿಯುತ್ತದೆ. ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು ಇಟ್ಟಿರಿ. ಕುದಿಯುವಾಗ ಮಾತ್ರ ಮುಚ್ಚಳ ತೆಗೆಯಬೇಡಿ.”